ಚಾಪದ ಬೆಳಕನ್ನು ಓದಬಲ್ಲವರು ಬೇಕು

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯ ಸುತ್ತಣ ತೆಂಗಿನ ತೋಟಗಳಲ್ಲಿ ರಾತ್ರಿಯ ವೇಳೆ ನೀರು ಹಾಯಿಸಿದವರಿಗೆ ಈ ನೋಟ ಹೊಸದಲ್ಲ. ಪಂಪನ್ನು ನಿಲ್ಲಿಸಲು ಸ್ಟಾರ್ಟರಿನ ಗುಂಡಿಯನ್ನೊತ್ತಿದೊಡನೆ ಡಬ್ಬಿಯ ಸಂದಿಯಿಂದ ಮಿಂಚೊಂದು ಹೊಳೆದು ಮಾಯವಾಗುತ್ತದೆ. (ಡಬ್ಬಿಯನ್ನು ತೆರೆದು ನೋಡಲು ಹೋಗತಕ್ಕದ್ದಲ್ಲ.) ಒಳಗಿನ ತುದಿಗಳು ತಾಮ್ರದವಾದರೆ ಆ ಮಿಂಚಿನಲ್ಲಿ ಹಸಿರು ಛಾಯೆಯಿರುತ್ತದೆ; ಅದು ತಾಮ್ರದ ಆವಿಯ ಬಣ್ಣ. ಲೋಹದ ತುದಿಗಳು ಅಗಲುವ ಕ್ಷಣದಲ್ಲಿ ಕಟ್ಟಕಡೆಗೆ ತಾಗಿಕೊಂಡಿದ್ದ ಬಿಂದು ಕರಗಿ, ಕುದಿದು, ಆವಿಯಾಗುತ್ತದೆ. ಆ ಆವಿಯ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಪ್ಲಾಸ್ಮಾ ಉಂಟಾಗುತ್ತದೆ. ಲೋಹದ ದಾರಿ ಕಡಿದರೂ ಪ್ರವಾಹವು ಈ ಉರಿಯುವ ಸೇತುವೆಯ ಮೇಲೆ ನಡೆಯುತ್ತಲೇ ಇರುತ್ತದೆ. ಇದೇ ವಿದ್ಯುತ್ ಚಾಪ.

ಸ್ಟಾರ್ಟರಿನಲ್ಲಿ ಇದು ಹುಡುಗಾಟ. ಉಪಕೇಂದ್ರದ ಸರ್ಕ್ಯೂಟ್ ಬ್ರೇಕರು ಸಾವಿರಾರು ಆಂಪಿಯರುಗಳ ಚಾಪವನ್ನು ಆರಿಸಬೇಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳದು. ಆದ್ದರಿಂದ ಸೆಕೆಂಡಿಗೆ 100 ಸಲ ಪ್ರವಾಹವು ಸೊನ್ನೆಯನ್ನು ಹಾದುಹೋಗುತ್ತದೆ. ಬ್ರೇಕರಿಗೆ ದೊರೆಯುವ ಅವಕಾಶ ಆ ಗಳಿಗೆಯೇ. ಆಗ ಎಲೆಕ್ಟ್ರಾನುಗಳ ಸಾಂದ್ರತೆ ಬೇಗನೆ ಸಾಕಷ್ಟು ಕುಸಿದರೆ ಚಾಪ ಆರಿತು. ಇಲ್ಲವಾದರೆ ಏರಿಬರುವ ವೋಲ್ಟೇಜು ಅದನ್ನು ಮತ್ತೆ ಹೊತ್ತಿಸುತ್ತದೆ.

1960ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಬ್ರೇಕರುಗಳನ್ನು ಶಾರ್ಟ್ ಸರ್ಕ್ಯೂಟಿಗೆ ಒಡ್ಡಿ ಪರೀಕ್ಷಿಸುತ್ತಾರೆ. ಪರೀಕ್ಷೆಯಲ್ಲಿ ಗೆದ್ದ ಮೇಲೆ ಒಳಗಿನ ಸಾಂದ್ರತೆಯ ಗೊಡವೆ ಏತಕ್ಕೆ ಎಂದು ಕೇಳುವವರುಂಟು. ನಾವು ಇದನ್ನೊಪ್ಪುವುದಿಲ್ಲ. ಗೆಲುವು ಸೋಲುಗಳ ತೀರ್ಪು ಸೋಲಿನ ಕಾರಣವನ್ನು ಹೇಳದು. ಈಗಂತೂ ಕಾರಣ ತಿಳಿಯಲೇಬೇಕಾಗಿದೆ. ಅಧಿಕ ವೋಲ್ಟೇಜಿನ ಬ್ರೇಕರುಗಳಲ್ಲಿ ಚಾಪವನ್ನು ನಂದಿಸುವ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲವು, ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ 23,000 ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಬಿಸಿಮಾಡಬಲ್ಲುದು. ಅದರ ಸ್ಥಾನಕ್ಕೆ ನಿರ್ವಾತವನ್ನೋ ಬೇರೆ ಅನಿಲವನ್ನೋ ತರುವಾಗ ಕತ್ತಲಲ್ಲಿ ತಡಕಾಡಿದರೆ ಸಾಲದು.

ಅಳೆಯುವುದೆಂತು? ತಂತಿಯನ್ನು ಒಳಕ್ಕೆ ತೂರಿದರೆ ಚಾಪವೂ ಕದಡುತ್ತದೆ, ತಂತಿಯೂ ಉಳಿಯದು. ಬೆಳಕು ಮಾತ್ರ ಅಲ್ಲಿಂದ ಸುದ್ದಿ ತರಬಲ್ಲುದು. ಚಾಪದಲ್ಲಿ ಜಲಜನಕವಿದ್ದರೆ, ಸುತ್ತಣ ಕಣಗಳ ವಿದ್ಯುತ್ ಕ್ಷೇತ್ರದಿಂದಾಗಿ ಅದರ ರೋಹಿತರೇಖೆಗಳು ಅಗಲವಾಗುತ್ತವೆ. 1913ರಲ್ಲಿ ಸ್ಟಾರ್ಕ್ ಕಂಡ ಪರಿಣಾಮದ ಫಲವಿದು. ಆ ಅಗಲದಿಂದ ಸಾಂದ್ರತೆ ತಿಳಿಯುತ್ತದೆ. ಇನ್ನೊಂದು ಹಾದಿಯಲ್ಲಿ ಲೇಸರ್ ಕಿರಣವನ್ನು ಎರಡಾಗಿ ಸೀಳಿ, ಒಂದನ್ನು ಚಾಪದ ಮೂಲಕ ಹಾಯಿಸಿ, ಮತ್ತೆ ಕೂಡಿಸಿ, ವ್ಯತಿಕರಣದ ಪಟ್ಟೆಗಳು ಎಷ್ಟು ಸರಿದವೆಂದು ನೋಡುತ್ತಾರೆ. ಎಲೆಕ್ಟ್ರಾನುಗಳು ವಕ್ರೀಭವನಾಂಕವನ್ನು ತಗ್ಗಿಸುತ್ತವೆ. ತಟಸ್ಥ ಪರಮಾಣುಗಳು ಏರಿಸುತ್ತವೆ. ಎಲೆಕ್ಟ್ರಾನುಗಳ ಪರಿಣಾಮ ಮಾತ್ರ ತರಂಗದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಎರಡು ತರಂಗದೂರಗಳಲ್ಲಿ ಅಳೆದು ಇವನ್ನು ಬೇರ್ಪಡಿಸಬಹುದು.

ಇದು ನಮ್ಮ ಬಿ.ಎಸ್ಸಿ. ವಿದ್ಯಾರ್ಥಿಗಳು ನ್ಯೂಟನ್ನನ ಉಂಗುರಗಳಲ್ಲಿ ಕಾಣುವ ವ್ಯತಿಕರಣವೇ ಅಲ್ಲವೆ? ಹಾಗೆಂದು ನಾವು ಅವರಿಗೆ ಹೇಳುವುದುಂಟೆ? ಪುಸ್ತಕದ ಉತ್ತರ ಬರುವಂತೆ ಅಂಕಿಗಳನ್ನು ತಿದ್ದಿ ರೆಕಾರ್ಡ್ ತುಂಬಿಸುವ ಪದ್ಧತಿಯಲ್ಲಿ ಅಧ್ಯಾಪಕರಾದ ನಮ್ಮ ಪಾಲೂ ಇದೆ. ಉಂಗುರಗಳ ಪ್ರಯೋಗದ ಬೆನ್ನಿಗೇ ಚಾಪದ ಲೆಕ್ಕವೊಂದನ್ನು ಮಾಡಿಸತಕ್ಕದ್ದೆಂದು ನಮ್ಮ ಅಭಿಪ್ರಾಯ.

ನಾವು ಒಮ್ಮೆ ಮಾಡಿಸಿದೆವು. 1 ಸೆಂಟಿಮೀಟರ್ ದಪ್ಪದ ಚಾಪ. ಘನ ಸೆಂಟಿಮೀಟರಿಗೆ 1ರ ಮುಂದೆ 17 ಸೊನ್ನೆಗಳಷ್ಟು ಎಲೆಕ್ಟ್ರಾನುಗಳು. ಹೀಲಿಯಂ-ನಿಯಾನ್ ಲೇಸರಿನ 632.8 ನ್ಯಾನೊಮೀಟರ್ ಕೆಂಪು ಬೆಳಕಿಗೆ, ಎಲೆಕ್ಟ್ರಾನುಗಳಿಂದ ಆಗುವ ಸರಿತ ಕಾಲು ಪಟ್ಟೆಗಿಂತ ತುಸು ಹೆಚ್ಚು, ಅಷ್ಟೆ. "ಇಷ್ಟನ್ನು ಕಾಣೋದು ಹೇಗೆ ಸಾರ್?" ಎಂದನೊಬ್ಬ. 10.6 ಮೈಕ್ರೋಮೀಟರಿನ ಅವಗೆಂಪು ಬೆಳಕನ್ನು ಹಾಕಿ ನೋಡೆಂದೆವು. ವರ್ಗಮಾಡಿ 280 ಪಟ್ಟು ಎಂದು ಹಿಗ್ಗಿದ. ಅಳತೆಗೋಲಾದ ತರಂಗವೂ ಉದ್ದವಾಯಿತೆಂಬುದನ್ನು ಮರೆತಿದ್ದ. ಮರುದಿನ ತಾನೇ ತಿದ್ದಿ ತಂದ ಉತ್ತರ ಸುಮಾರು 17 ಪಟ್ಟು, ಅಂದರೆ ಹತ್ತಿರಹತ್ತಿರ ನಾಲ್ಕೂಮುಕ್ಕಾಲು ಪಟ್ಟೆ. ರೆಕಾರ್ಡಿನಲ್ಲಿ ಬರೆಯಬಹುದೇ ಎಂದು ಕೇಳಿದ. ಪಠ್ಯಕ್ರಮದಲ್ಲಿಲ್ಲದ ಪ್ರಯೋಗ, ಕಡೆಯ ಪುಟದಲ್ಲಿ ಬರೆದುಕೊಳ್ಳೆಂದೆವು.