ಕಾಲ್ಚೆಂಡಾಟಗಾರನ ಊರು ಯಾವುದು?

ಬೆಂಗಳೂರು ಎಫ್‌ಸಿ ತಂಡದ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯದ ಪೌರತ್ವವನ್ನು ತೊರೆದು ಭಾರತದ ಪೌರರಾದ ಸುದ್ದಿ 2025ರ ನವೆಂಬರಿನಲ್ಲಿ ಬಂದಿತು. ಅಂದಿನಿಂದ ಒಂದು ಆಕ್ಷೇಪ ಕಿವಿಗೆ ಬೀಳುತ್ತಿದೆ: ತನ್ನ ನಾಡಿನಲ್ಲಿ ಸ್ಥಾನ ದೊರೆಯದವನು ಇಲ್ಲಿಗೆ ಬಂದರೆ ಅದರಲ್ಲಿ ಹೆಮ್ಮೆಪಡುವಂಥದೇನಿದೆ? ಬಾಗೂರಿನವನಾದ ನಾನು ಕನ್ನಡ ಪಾಠ ಹೇಳುವವನು, ಕಾಲ್ಚೆಂಡಾಟದ ಮರ್ಮಜ್ಞನಲ್ಲ. ಆದರೆ ಹೊರಗಿನದು ಒಳಗಿನದಾಗುವ ಬಗೆ ನನ್ನ ವೃತ್ತಿಗೆ ಸೇರಿದ ವಿಷಯ.

1993ರಲ್ಲಿ ಪರ್ತ್ ನಗರದಲ್ಲಿ ಹುಟ್ಟಿದ ವಿಲಿಯಮ್ಸ್, ಇಂಗ್ಲೆಂಡಿನಲ್ಲಿ ಪೋರ್ಟ್ಸ್‌ಮತ್, ಫುಲ್ಹಮ್, ಬಾರ್ನ್‌ಸ್ಲಿ, ರಾದರ್‌ಹ್ಯಾಮ್, ಆಕ್ಸ್‌ಫರ್ಡ್ ತಂಡಗಳಲ್ಲಿ ದುಡಿದರು. ಕೆಲವೊಮ್ಮೆ ಎರವಲು ಆಟಗಾರರಾಗಿಯೂ ಆಡಿದರು. ಆಸ್ಟ್ರೇಲಿಯದ ಪರವಾಗಿ ಆಡಲು ದೊರೆತದ್ದು 2019ರ ಒಂದೇ ಪಂದ್ಯ. ಬಳಿಕ ಪರ್ತ್‌ಗೆ ಮರಳಿ, 2023ರಲ್ಲಿ ಬೆಂಗಳೂರಿಗೆ ಬಂದರು. ಕೆಲಸವಿರುವ ಕಡೆಗೆ ಉಳಿ ಬಾಚಿಗಳನ್ನು ಹೊತ್ತು ನಡೆಯುವ ಬಡಗಿಯನ್ನು ನಾವು ಹೀನಾಯವಾಗಿ ಕಾಣುವುದಿಲ್ಲ. ಆಟಗಾರನನ್ನು ಮಾತ್ರ ಏಕೆ ಹಾಗೆ ಕಾಣಬೇಕು?

ಅವರ ತಾಯಿ ಮುಂಬಯಿಯಲ್ಲಿ ಹುಟ್ಟಿದವರು. ತಾಯಿಯ ತಂದೆ 1950ರ ದಶಕದಲ್ಲಿ ಬೊಂಬಾಯಿಯ ಪರವಾಗಿ ಆಡಿದವರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನೆವಿಲ್ ಡಿಸೋಜ ಮೂರು ಗೋಲು ಹೊಡೆದು, ಭಾರತವು ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿದ್ದು ಅದೇ ಕಾಲದಲ್ಲಿ. ಆದರೆ ಕೇವಲ ರಕ್ತಸಂಬಂಧಕ್ಕೆ ನಮ್ಮ ಕಾನೂನು ಮನ್ನಣೆ ನೀಡದು. ಭಾರತದಲ್ಲಿ ಇಮ್ಮಡಿ ಪೌರತ್ವವಿಲ್ಲ; 2008ರ ಧೋರಣೆಯಂತೆ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ ರಾಷ್ಟ್ರೀಯ ತಂಡದಲ್ಲಿ ಅವಕಾಶ. ಜಪಾನಿನಲ್ಲಿ ಹುಟ್ಟಿದ ಅರಾಟ ಇಜುಮಿ ಈ ಬೆಲೆ ತೆತ್ತ ಮೇಲೆಯೇ 2013ರಲ್ಲಿ ಭಾರತಕ್ಕೆ ಆಡಿದರು. ಈ ನಿಯಮ ಕಠಿಣವೆನಿಸಿದರೂ ಅನ್ಯಾಯವಲ್ಲ. ಬೆಲೆ ತೆತ್ತವನನ್ನು ಮತ್ತೆ ಪರೀಕ್ಷೆಗೆ ನಿಲ್ಲಿಸುವುದು ಮಾತ್ರ ಅನ್ಯಾಯ.

ಭಾಷೆ ನಮಗೆ ಕಲಿಸುವುದೂ ಇದನ್ನೇ. ಬಸ್ಸು, ರೈಲು ಎಂಬ ಮಾತುಗಳು ಹೊರಗಿನಿಂದ ಬಂದವು. ನಮ್ಮ ಉಕಾರವನ್ನು ಪಡೆದು, ನಮ್ಮ ವಿಭಕ್ತಿಗಳನ್ನು ಹೊತ್ತು ದುಡಿದವು. ಈಗ ಅವುಗಳ ಕುಲವನ್ನು ಯಾರೂ ವಿಚಾರಿಸರು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಕನ್ನಡ ಅವರಿಂದ ಕೇಳಿದ್ದು ಕೃತಿಯನ್ನು, ವಂಶಾವಳಿಯನ್ನಲ್ಲ.

ಆದರೂ ಆಕ್ಷೇಪಿಸುವವರ ಮಾತಿನಲ್ಲಿ ಒಂದು ಸತ್ಯಾಂಶವಿದೆ. ಎರವಲು ಪದಗಳಿಂದ ಭಾಷೆ ಸಮೃದ್ಧವಾಗುವುದು ನಿಜ; ಆದರೆ ತನ್ನ ಧಾತುಗಳನ್ನೇ ಮರೆತ ಭಾಷೆ ಬದುಕದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಗೋಲು ಹೊಡೆದವರು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯ 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅದನ್ನು ಮತ್ತೆ ಗೆಲ್ಲಲು ಕರ್ನಾಟಕವು 2023ರವರೆಗೆ ಕಾಯಬೇಕಾಯಿತು. ಅರ್ಧ ಶತಮಾನಕ್ಕೂ ಮಿಕ್ಕಿದ ಆ ಬರಕ್ಕೆ ಹೊರಗಿನಿಂದ ಬಂದ ಆಟಗಾರ ಹೊಣೆಯಲ್ಲ. ಮೂವತ್ತು ದಾಟಿದ ಒಬ್ಬನು ಆ ಕೊರತೆಯನ್ನು ತುಂಬಬಲ್ಲನೆಂದು ನಂಬುವುದೂ ಸಲ್ಲದು.

ಆದ್ದರಿಂದ ವಿಲಿಯಮ್ಸರನ್ನು ಮನಸಾರೆ ಬರಮಾಡಿಕೊಳ್ಳೋಣ. ಜೊತೆಗೆ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಒಂದು ಸಮತಟ್ಟಾದ ಬಯಲು, ಒಂದು ಚೆಂಡು, ಆಟದ ಪಾಠ ಹೇಳಬಲ್ಲ ಒಬ್ಬ ಮೇಷ್ಟರು ಇದ್ದಾರೆಯೇ ಎಂದೂ ಕೇಳೋಣ. ಮೊದಲನೆಯದನ್ನು ಮಾಡಲು ಹೃದಯವಿದ್ದರೆ ಸಾಕು. ಎರಡನೆಯದಕ್ಕೆ ನಾವೂ ದುಡಿಯಬೇಕು.