ಕಲ್ಲಿನ ಕಲೆ, ಕೂದಲಿನ ಕಲೆ

ಬಾಣಾವರದ ನಮಗೆ ಹಳೇಬೀಡು ನೆರೆಯೂರು. ಅಲ್ಲಿಯ ಹಲವು ರೂವಾರಿಗಳು ಮೂರ್ತಿಗಳ ಅಡಿಯಲ್ಲಿ ತಮ್ಮ ಹೆಸರನ್ನೂ ಕೊರೆದರು. ಕೃತಿಯೇ ತನ್ನ ದಾಖಲೆಯಾಯಿತು. ಇಂದಿನ ಪ್ರತಿಷ್ಠಾಪನಾ ಕಲೆಗೆ ಆ ಭಾಗ್ಯವಿಲ್ಲ. ಪ್ರದರ್ಶನ ಮುಗಿದೊಡನೆ ಅದನ್ನು ಬಿಚ್ಚಿಡಬೇಕು.

ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡರು 2009ರಲ್ಲಿ ವೆನಿಸ್ಸಿನ ದ್ವೈವಾರ್ಷಿಕ ಕಲಾಮೇಳದಲ್ಲಿ, ಕೂದಲಿನ ಹಗ್ಗಗಳಿಂದ ಕಾರಿನ ಬಂಪರುಗಳನ್ನು ತೂಗಿಬಿಟ್ಟ ‘ಬಿಹೋಲ್ಡ್’ ಕೃತಿಯನ್ನು ಪ್ರದರ್ಶಿಸಿದರು. ಅದೀಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅಲ್ಲಿಯ ಚಿತ್ರ, ಟಿಪ್ಪಣಿಗಳ ಮೂಲಕವೇ ನಮ್ಮ ವಿದ್ಯಾರ್ಥಿ ಅದನ್ನು ಮರಳಿ ಕಾಣಬೇಕು. ಆದರೆ ದೇವರಿಗೆ ಮುಡಿ ಕೊಡುವವರ ಹರಕೆ, ದೃಷ್ಟಿ ತಾಗದಿರಲೆಂದು ಬಂಪರಿಗೆ ಕೂದಲಿನ ಹಗ್ಗ ಸುತ್ತುವ ಚಾಲಕನ ನಂಬಿಕೆ – ಇವು ನಮ್ಮ ನೆಲದವು. ಕೃತಿಯನ್ನು ಅವರು ಕಾಪಾಡಿದ್ದಾರೆ. ಅದರ ಅರ್ಥವನ್ನು ಕನ್ನಡದಲ್ಲಿ ಬರೆದಿಡುವ ಹೊಣೆ ನಮ್ಮದು. ಅದನ್ನು ಮರೆತರೆ ನಮ್ಮ ಕಲೆಗೆ ನಾವೇ ಪರಕೀಯರಾದೇವು.