ಅಜ್ಜ ಕಾಣದ ಭೂಕಂಪ

“ನಮ್ಮ ತಿಪಟೂರು ಕಡೆ ಭೂಕಂಪ ಆಗೋದೇ ಇಲ್ಲ, ನಮ್ಮಜ್ಜ ಹೇಳಿದ್ದಾರೆ” ಎನ್ನುವ ಮಕ್ಕಳಿದ್ದಾರೆ. ಅಜ್ಜ ಸುಳ್ಳು ಹೇಳುತ್ತಿಲ್ಲ, ಅವರು ಕಂಡಿಲ್ಲ ಅಷ್ಟೆ. ಆದರೆ ಅವರ ನೆನಪು ಹೆಚ್ಚೆಂದರೆ 80 ವರ್ಷದ್ದು. ಒಂದು ಪ್ರದೇಶದಲ್ಲಿ ದೊಡ್ಡ ಭೂಕಂಪ ಮರುಕಳಿಸಲು ನೂರಾರು, ಕೆಲವೆಡೆ ಸಾವಿರಾರು ವರ್ಷ ಬೇಕು. ಆದ್ದರಿಂದ ಅಜ್ಜನ ಸಾಕ್ಷಿ ಸಾಲದು, ಮಣ್ಣಿನ ಸಾಕ್ಷಿಯನ್ನೂ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಮಣ್ಣು ಸಾಕ್ಷಿ ಹೇಳುವುದು ಹೇಗೆ? ಒಂದು ಬೋಗುಣಿಗೆ ಸಡಿಲವಾಗಿ ಮರಳು ತುಂಬಿ, ಮರಳಿನ ಮಟ್ಟದವರೆಗೆ ನೀರು ಹಾಕಿ. ಮೇಲೊಂದು ಕಲ್ಲಿಡಿ. ಬೋಗುಣಿಯ ಪಕ್ಕಕ್ಕೆ ಕೈಯಿಂದ ಬಡಿಯುತ್ತಾ ಹೋಗಿ. ಕಲ್ಲು ವಾಲಿ ಕೆಳಗಿಳಿಯುತ್ತದೆ, ನೀರು ಮೇಲೆ ಬರುತ್ತದೆ. ಮರಳಿನ ಕಣಗಳು ಒಂದಕ್ಕೊಂದು ಆತು ನಿಂತಿರುತ್ತವೆ. ಅಲುಗಿದಾಗ ಅವು ಒತ್ತಾಗಿ ಕೂರಲು ಹೋಗುತ್ತವೆ, ನಡುವಿನ ನೀರಿಗೆ ಹೊರಹೋಗಲು ಸಮಯ ಸಿಗುವುದಿಲ್ಲ. ನೀರಿನ ಒತ್ತಡ ಏರಿ ಕಣಗಳ ಹಿಡಿತ ತಪ್ಪುತ್ತದೆ. ಗಟ್ಟಿಯಾಗಿದ್ದ ನೆಲ ಗಂಜಿಯಂತಾಗುತ್ತದೆ. ಇದಕ್ಕೆ ದ್ರವೀಕರಣ ಎನ್ನುತ್ತಾರೆ.

ಭೂಕಂಪದಲ್ಲಿ ಈ ಮರಳುಗಂಜಿ ಮೇಲಿನ ಮಣ್ಣನ್ನು ಸೀಳಿಕೊಂಡು ಹೊರಗೆ ಚಿಮ್ಮುತ್ತದೆ. 2001ರ ಜನವರಿ 26ರಂದು ಗುಜರಾತಿನ ಕಚ್ಛ್‌ನಲ್ಲಿ ಹೀಗೇ ಆಯಿತು. ಕಂಪನ ನಿಂತ ಮೇಲೂ ಸೀಳಿನೊಳಗೆ ಮರಳು ಉಳಿಯುತ್ತದೆ. ವರ್ಷಗಳು ಕಳೆದಂತೆ ಅದರ ಮೇಲೆ ಹೊಸ ಮಣ್ಣು ಕೂರುತ್ತದೆ. ಸೀಳು ಯಾವ ಪದರವನ್ನು ಕೊಯ್ದಿದೆಯೋ ಅದು ಭೂಕಂಪಕ್ಕಿಂತ ಹಳೆಯದು, ಸೀಳಿನ ಬಾಯನ್ನು ಮುಚ್ಚಿರುವ ಪದರ ಹೊಸದು. ಎರಡರಲ್ಲೂ ಸಿಗುವ ಇದ್ದಿಲು, ಕಟ್ಟಿಗೆ ಚೂರುಗಳ ವಯಸ್ಸನ್ನು ಇಂಗಾಲ-14ರಿಂದ ಅಳೆದರೆ ಭೂಕಂಪದ ಕಾಲ ಆ ನಡುವೆ ಸಿಕ್ಕಿಬೀಳುತ್ತದೆ.

ಅಸ್ಸಾಂ, ಮೇಘಾಲಯಗಳಲ್ಲಿ 1897ರಲ್ಲಿ ಮಹಾ ಭೂಕಂಪವಾಯಿತು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಕೃಷ್ಣಾಯ್, ದೂಧನಾಯ್ ನದಿಗಳ ದಡದಲ್ಲಿ ಅಗೆದರು. ಅದಕ್ಕೂ ಹಿಂದಿನ ಭೂಕಂಪಗಳ ಗುರುತು ಸಿಕ್ಕಿತು. ಒಂದು 1450 ಮತ್ತು 1650ರ ನಡುವಿನದು, ಇನ್ನೊಂದು 700 ಮತ್ತು 1050ರ ನಡುವಿನದು.

ಹಾಗಾದರೆ ನಮ್ಮ ತೆಂಗಿನ ಸೀಮೆಯಲ್ಲಿ? ಸಸಿ ನೆಡಲು ಗುಂಡಿ ತೆಗೆದರೆ ಕೆಂಪು ಮಣ್ಣು, ಗರಸು, ಅದರ ಕೆಳಗೆ ಬಂಡೆ. ನೀರು ತುಂಬಿದ ಸಡಿಲ ಮರಳು ಬಹುಪಾಲು ಕಡೆ ಇಲ್ಲ. ಕೆರೆಗೋಡು ಅಂಟು ಮಣ್ಣು, ಅದು ಸುಲಭವಾಗಿ ಗಂಜಿಯಾಗುವುದಿಲ್ಲ. ಅಂದರೆ ಇಲ್ಲಿ ಗುರುತು ಸಿಗದಿದ್ದರೆ “ನೆಲ ನಡುಗಿಲ್ಲ” ಎಂದೂ ಅರ್ಥ, “ನಡುಗಿದರೂ ಬರೆದಿಡುವ ಮರಳಿಲ್ಲ” ಎಂದೂ ಅರ್ಥ! ನಮ್ಮ ಬೀದರ್ ಜಿಲ್ಲೆಯ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯನ್ನೂ ಗಟ್ಟಿ ನೆಲವೆಂದೇ ಎಲ್ಲರೂ ನಂಬಿದ್ದರು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅಲ್ಲಿ ಸಾವಿರಾರು ಜನ ಸತ್ತರು.

ಮರಳು ಇರುವುದು ಹಳ್ಳ, ಹೊಳೆಗಳ ದಂಡೆಯಲ್ಲಿ, ತುರುವೇಕೆರೆ ಕಡೆಯ ಶಿಂಷಾ ದಂಡೆಯಂಥ ಜಾಗಗಳಲ್ಲಿ. ಅದನ್ನು ಬಗೆದು ಲಾರಿಗೆ ತುಂಬಿದರೆ, ಸಾಕ್ಷಿ ಇದ್ದರೆ ಅದೂ ಲಾರಿ ಹತ್ತಿ ಹೋಗುತ್ತದೆ. ಮರಳು ತೆಗೆಯುವುದನ್ನು ತಡೆಯಲು ಅಂತರ್ಜಲದ ಜೊತೆಗೆ ಇದೂ ಒಂದು ಕಾರಣವಾಗಬೇಕು.

ಊರಿನಲ್ಲಿ ಹೊಸದಾಗಿ ಬಾವಿ ಅಥವಾ ಕಾಲುವೆ ತೋಡಿದಾಗ ಮೇಷ್ಟ್ರ ಜೊತೆ ಹೋಗಿ, ದೂರದಿಂದಲೇ ಪದರಗಳ ಚಿತ್ರ ಬರೆದುಕೊಳ್ಳಿ. ಗುಂಡಿಗೆ ಇಳಿಯಬೇಡಿ. ನೆಟ್ಟಗೆ ನಿಂತ ಮರಳಿನ ಗೆರೆ ಕಂಡರೆ ಕೂಡಲೇ “ಭೂಕಂಪ!” ಎನ್ನಲೂ ಬೇಡಿ. ಕೊಳೆತ ಬೇರಿನ ತೂತಿಗೆ, ಏಡಿಯ ಬಿಲಕ್ಕೆ ಮರಳು ತುಂಬಿಕೊಂಡರೂ ಅದು ಹಾಗೇ ಕಾಣಬಹುದು.